ಹೊಗೆಯ ಬಾಡೂಟ: ಯಾವಾಗ ಒಲೆ ಹಚ್ಚಬೇಕು?

ಪ್ರಶ್ನೆ: ಮೇಡಂ, ನಾವಿರೋದು ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿ. ಮುಂದಿನ ತಿಂಗಳು ಕನ್ನಡದ ಗೆಳೆಯರೆಲ್ಲ ಸೇರಿ ಪಾರ್ಕಿನಲ್ಲಿ ಊಟ ಇಟ್ಟುಕೊಂಡಿದ್ದೇವೆ. ಒಟ್ಟು 60 ಜನ, ಅದರಲ್ಲಿ 12 ಮಂದಿ ಸಸ್ಯಾಹಾರಿಗಳು. ಇಲ್ಲಿಯವರ ಹಾಗೆ ಸ್ಮೋಕರ್‌ನಲ್ಲಿ, ಅಂದರೆ ಕಟ್ಟಿಗೆಯ ಹೊಗೆಯಲ್ಲಿ ನಿಧಾನಕ್ಕೆ ಬೇಯಿಸುವ ಮುಚ್ಚಿದ ಒಲೆಯಲ್ಲಿ, ಪುಲ್ಡ್ ಪೋರ್ಕ್ (ಎಳೆ ಎಳೆಯಾಗಿ ಬಿಡಿಸಿದ ಹಂದಿ ಮಾಂಸ) ಮಾಡುವ ಆಸೆ. ಹೋದ ವರ್ಷ ಬೆಳಿಗ್ಗೆ ಐದಕ್ಕೇ ಶುರು ಮಾಡಿದ್ದೆವು. ಮಾಂಸ 70 ಡಿಗ್ರಿಗೆ ಬಂದು ಅಲ್ಲೇ ನಿಂತುಬಿಟ್ಟಿತು. ಎಲ್ಲರೂ ಅನ್ನ ಸಾರು ಉಂಡು ಕೈ ತೊಳೆದ ಮೇಲೆ ಬೆಂದಿತು. ಎಷ್ಟು ಮಾಂಸ ತರಬೇಕು, ಯಾವಾಗ ಒಲೆ ಹಚ್ಚಬೇಕು?

ಉತ್ತರ: ಹಿಂದಿನ ರಾತ್ರಿ ಎಂಟಕ್ಕೆ ಹಚ್ಚಿ. ಊಟದ ಹೊತ್ತಿಗೆ ಸರಿಯಾಗಿ ಬೇಯಲಿ ಅಂತ ಲೆಕ್ಕ ಹಾಕಲೇಬೇಡಿ. ಮೂರು ನಾಲ್ಕು ಗಂಟೆ ಮೊದಲೇ ಬೆಂದು ಬಿಸಿಯಾಗಿ ಕಾಯುತ್ತಿರಬೇಕು. ಜಾಸ್ತಿ ಜನಕ್ಕೆ ಮಾಡುವಾಗ ಇದೊಂದನ್ನು ಪಾಲಿಸಿದರೆ ಅರ್ಧ ತಲೆನೋವು ಹೋಯಿತು.

ಅಂಗಡಿಯಲ್ಲಿ ‘ಬಾಸ್ಟನ್ ಬಟ್’ ಕೇಳಿ. ಮುಂಗಾಲಿನ ಮೇಲಿನ ಹೆಗಲ ಭಾಗ ಅದು, ಒಳಗೆ ಕೊಬ್ಬು ಚೆನ್ನಾಗಿರುತ್ತೆ. ಒಬ್ಬರಿಗೆ ಬೆಂದ ಮಾಂಸ 150 ಗ್ರಾಂ ಸಾಕು. ಮೂಳೆ, ಕೊಬ್ಬು, ನೀರು ಕಳೆದು ಕೊನೆಗೆ ಉಳಿಯೋದು ಹಸಿ ತೂಕದ ಸುಮಾರು ಅರ್ಧ. ಹಾಗಾಗಿ 48 ಜನಕ್ಕೆ 15 ಕಿಲೋ, ಅಂದರೆ ನಾಲ್ಕು ಕಿಲೋದ ಹತ್ತಿರ ಇರುವ ನಾಲ್ಕು ತುಂಡು. ಒಂದೇ ದೊಡ್ಡ ತುಂಡಿನ ಆಸೆ ಬೇಡ. ನಾಲ್ಕರ ನಡುವೆ ಗಾಳಿ ಆಡುವಷ್ಟು ಜಾಗ ಬಿಟ್ಟರೆ ನಾಲ್ಕೂ ಹೆಚ್ಚು ಕಮ್ಮಿ ಒಂದೇ ಹೊತ್ತಿಗೆ ಬೇಯುತ್ತವೆ.

ಉಪ್ಪು, ಕಾಳುಮೆಣಸಿನ ಪುಡಿ, ಸ್ವಲ್ಪ ಬೆಲ್ಲ ಹಚ್ಚಿ. ಸ್ಮೋಕರ್ ಒಳಗೆ 110ರಿಂದ 120 ಡಿಗ್ರಿ ಸೆಲ್ಸಿಯಸ್ ಇರಲಿ. ಕಟ್ಟಿಗೆಗೆ ಅಲ್ಲಿನವರು ನೆಚ್ಚುವ ಹಿಕರಿ ಅಥವಾ ಓಕ್, ಚೆನ್ನಾಗಿ ಒಣಗಿದ್ದು. ಚಿಮಣಿ ಕಡೆ ಕಣ್ಣಿಡಿ. ದಟ್ಟ ಬಿಳಿ ಹೊಗೆ ಬಂದರೆ ಬೆಂಕಿಗೆ ಗಾಳಿ ಸಾಲದು ಅಂತ ಅರ್ಥ. ಆ ಹೊಗೆ ಹಿಡಿದ ಮಾಂಸ ಕಹಿ. ಕಂಡೂ ಕಾಣದ ಹಾಗೆ ತೆಳ್ಳಗೆ, ನೀಲಿಯಾಗಿ ಬರಬೇಕು. ನಾನು ಕೊಡಗಿನವಳು. ಒಲೆಯ ಮೇಲೆ ಹೊಗೆಗೆ ಕಟ್ಟಿ ಒಣಗಿಸಿದ ಹಂದಿ ಮಾಂಸ ತಿಂದು ಬೆಳೆದವಳು. ಹೊಗೆಯ ವಿಷಯದಲ್ಲಿ ನನ್ನದು ತುಸು ಹಟವೇ.

ಈಗ ಆ 70 ಡಿಗ್ರಿ. ಸ್ಮೋಕರ್ ಕೆಟ್ಟಿರಲಿಲ್ಲ, ಬೆಂಕಿಯೂ ಕಮ್ಮಿಯಾಗಿರಲಿಲ್ಲ. ಮಾಂಸ ಬೆವರುತ್ತದೆ. ಆ ನೀರು ಆವಿಯಾಗುತ್ತಾ ಮಾಂಸವನ್ನು ತಂಪು ಮಾಡುತ್ತದೆ, ಬೇಸಿಗೆಯಲ್ಲಿ ಮಣ್ಣಿನ ಹೂಜಿ ನೀರನ್ನು ತಣ್ಣಗಿಡೋ ಹಾಗೆ. ನಾಲ್ಕೈದು ಗಂಟೆ ಥರ್ಮಾಮೀಟರಿನ ಮುಳ್ಳು ಅಲ್ಲಾಡದೆ ಇರಬಹುದು. ಬೆಂಕಿ ಏರಿಸಬೇಡಿ, ಹೊರಗಡೆ ಒಣಗುತ್ತೆ ಅಷ್ಟೇ. ಹೊರಪದರ ಕಪ್ಪುಗೆಂಪಾಗಿ ಗಟ್ಟಿಯಾಗಿದ್ದರೆ ಎರಡು ಸುತ್ತು ಫಾಯಿಲ್ ಬಿಗಿಯಾಗಿ ಸುತ್ತಿ. ಆವಿ ಹೊರಗೆ ಹೋಗದಿದ್ದರೆ ಬಿಸಿ ಮತ್ತೆ ಏರುತ್ತದೆ.

ಒಳಗೆ 95 ಡಿಗ್ರಿ ಆಗುವವರೆಗೆ ಬಿಡಿ. ತಿನ್ನಲು ಅಷ್ಟು ಬೇಕಿಲ್ಲ ನಿಜ. ಆದರೆ ನಾರು ಕರಗಿ ಜಿಲೆಟಿನ್ ಆದರೆ ಮಾತ್ರ ಕೈಯಲ್ಲಿ ಬಿಡಿಸಲು ಬರೋದು. ಥರ್ಮಾಮೀಟರಿಗಿಂತ ಹೆಗಲ ಮೂಳೆಯನ್ನು ನಂಬಿ. ಬಟ್ಟೆ ಹಿಡಿದು ಎರಡು ಬೆರಳಲ್ಲಿ ಮೆಲ್ಲಗೆ ತಿರುಗಿಸಿ. ಒಂದೆಳೆ ಮಾಂಸವೂ ಅಂಟದೆ ಬೆಳ್ಳಗೆ ಜಾರಿ ಬಂತೋ, ಆಯಿತು.

ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಇಷ್ಟಾಗುತ್ತದೆ. ಫಾಯಿಲ್ ಮತ್ತೆ ಬಿಗಿಯಾಗಿ ಮುಚ್ಚಿ, ಹಳೆ ಟವೆಲ್ ಸುತ್ತಿ, ಐಸ್ ಹಾಕದ ಖಾಲಿ ಕೂಲರ್ ಡಬ್ಬದಲ್ಲಿ ತುಂಬಿ ಮುಚ್ಚಿ. ಮಧ್ಯಾಹ್ನ ಒಂದರ ಊಟಕ್ಕೂ ಹಬೆಯಾಡುತ್ತಿರುತ್ತದೆ. 60 ಡಿಗ್ರಿಗಿಂತ ಕೆಳಗೆ ಮಾತ್ರ ಇಳಿಯಬಾರದು. ಬಡಿಸುವ ಮುಂಚೆಯಷ್ಟೇ ಬಿಡಿಸಿ. ಬಿಡಿಸಿಟ್ಟ ಮಾಂಸ ಬೇಗ ಆರಿ ಒಣಗುತ್ತದೆ.

ಸಾಸ್ ವಿಷಯದಲ್ಲಿ ನಿಮ್ಮ ರಾಜ್ಯದಲ್ಲೇ ಎರಡು ಪಂಗಡ. ಪೂರ್ವದವರು ಇಡೀ ಹಂದಿ ಬೇಯಿಸಿ ಬರೀ ವಿನೆಗರ್, ಮೆಣಸಿನಕಾಯಿ ಹಾಕುತ್ತಾರೆ. ಲೆಕ್ಸಿಂಗ್ಟನ್ ಕಡೆಯವರು ಹೆಗಲನ್ನಷ್ಟೇ ಬೇಯಿಸಿ ವಿನೆಗರಿಗೆ ಸ್ವಲ್ಪ ಕೆಚಪ್ ಸೇರಿಸುತ್ತಾರೆ. ನನಗೆ ಪೂರ್ವದವರದ್ದೇ ಇಷ್ಟ. ಎರಡು ಕಪ್ ವಿನೆಗರಿಗೆ ಕುಟ್ಟಿದ ಒಣಮೆಣಸಿನಕಾಯಿ, ಉಪ್ಪು, ಚಿಟಿಕೆ ಸಕ್ಕರೆ. ಊರಿಂದ ತಂದ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ) ಇದ್ದರೆ ಒಂದು ಚಮಚ ಹಾಕಿ ನೋಡಿ. ಹಂದಿಗೂ ಅದಕ್ಕೂ ಹಳೆಯ ನಂಟು ಅಲ್ವಾ!

ಆ 12 ಮಂದಿಗೆ ಬೇರೆ ಗ್ರಿಲ್, ಬೇರೆ ಇಕ್ಕಳ ಇಡಿ. ಮಾಂಸದ ಸ್ಮೋಕರಿನ ಮೂಲೆಯಲ್ಲಿ ಜೋಳ ಬೇಯಿಸಿ ಕೊಡೋದು ಸರಿಯಲ್ಲ. ಕೆಂಡದ ಮೇಲೆ ಸುಟ್ಟ ಬದನೆಕಾಯಿ ಗೊಜ್ಜು ಮಾಡಿ, ಉಳಿದವರೂ ತಟ್ಟೆ ಹಿಡಿದು ಬರುತ್ತಾರೆ.

ಪ್ರಶ್ನೆ: ಸಕಲೇಶಪುರದ ತೋಟದಲ್ಲಿ 40 ಜನಕ್ಕೆ ಡ್ರಮ್ಮಿನಲ್ಲಿ ಕೋಳಿ ಹೊಗೆ ಹಾಕಬೇಕು. ನಾಟಿ ಕೋಳಿ ಆಗುತ್ತಾ? ಕಟ್ಟಿಗೆ ಯಾವುದು?

ಉತ್ತರ: ನಾಟಿ ಕೋಳಿ ಸಾರಿಗಿರಲಿ, ಒಣ ಬಿಸಿಗೆ ಗಟ್ಟಿಯಾಗುತ್ತೆ. ಒಂದೂಕಾಲು ಕಿಲೋದ ಹತ್ತು ಫಾರಂ ಕೋಳಿ ತಂದು ಬೆನ್ನು ಸೀಳಿ ಚಪ್ಪಟೆ ಮಾಡಿ. ಒಣಗಿದ ಕಾಫಿ ಗಿಡದ ಕಟ್ಟಿಗೆ ನಿಮ್ಮಲ್ಲೇ ಇರುತ್ತೆ, ಮಾವು ಅಥವಾ ಸೀಬೆಯೂ ಒಳ್ಳೆಯದೇ. ಬಣ್ಣ ಬಳಿದ ಮರ, ಪ್ಲೈವುಡ್ ಹತ್ತಿರ ಸೇರಿಸಬೇಡಿ. ಡ್ರಮ್ಮಿನಲ್ಲಿ ಮೊದಲು ಕ್ರಿಮಿನಾಶಕವೋ ರಾಸಾಯನಿಕವೋ ಇದ್ದಿದ್ದರೆ ಅದು ಬೇಡವೇ ಬೇಡ. ಕೋಳಿಗೆ 150 ಡಿಗ್ರಿ ಇಡಿ, ಕಮ್ಮಿಯಾದರೆ ಚರ್ಮ ರಬ್ಬರಾಗುತ್ತೆ. ತೊಡೆಯ ದಪ್ಪ ಭಾಗದಲ್ಲಿ, ಮೂಳೆಗೆ ತಾಗದ ಹಾಗೆ ಚುಚ್ಚಿ ನೋಡಿ. ಅಲ್ಲಿ 74 ಡಿಗ್ರಿ ದಾಟಿದ ಮೇಲಷ್ಟೇ ಇಳಿಸಿ.