ಕೆಲಸಕ್ಕೆ ಜನರನ್ನು ಸೋಸಿ ಸೇರಿಸಬೇಕೋ, ಬೇಗ ಸೇರಿಸಿ ಬೇಗ ಕಳಿಸಬೇಕೋ?

ಎಂಟು ಜನರ ಘಟಕ, ಅರ್ಜೆಂಟ್ ಆರ್ಡರ್, ಇಬ್ಬರು ಆಪರೇಟರ್ ಬೇಕು, ಸೇರಿಸಿಕೊಂಡು ಸರಿಬರದಿದ್ದರೆ ಕಳಿಸಿಬಿಡಲೇ ಅಂತ ಕೇಳಿದ್ದೀರಿ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಮಷೀನುಗಳಲ್ಲಿ ಲೋಹದ ಬಿಡಿಭಾಗ ಮಾಡುವ) ವರ್ಕ್‌ಶಾಪ್ ಇದೆ. ಎರಡೂ ಮಾಡಿ ನೋಡಿದ್ದೇನೆ. ಬರುವವರು ಏನನ್ನು ಬಿಟ್ಟು ಬರುತ್ತಿದ್ದಾರೆ ಅಂತ ಮೊದಲು ನೋಡಿ.

ನಂಜನಗೂಡಿನ ಕಡೆ ಒಂದು ಕಾರ್ಖಾನೆಯಲ್ಲಿ ಒಂಬತ್ತು ವರ್ಷ ದುಡಿದವರನ್ನು ಅರ್ಧ ಗಂಟೆ ಮಾತಾಡಿಸಿ ಸೇರಿಸಿಕೊಂಡಿದ್ದೆ. ಅಲ್ಲಿ ಅವರದು ಪೀಸ್ ಹಾಕಿ ತೆಗೆಯುವ ಕೆಲಸ. ನನಗೆ ಬೇಕಿದ್ದದ್ದು ಸೆಟ್ಟಿಂಗ್, ಅಂದರೆ ಹೊಸ ಕೆಲಸಕ್ಕೆ ಮಷೀನು ಹೊಂದಿಸುವುದು, ಬಲ್ಲವರು. ಅದನ್ನು ನಾನು ಕೇಳಲೇ ಇಲ್ಲ. ಐದನೇ ವಾರ ಕಳಿಸಿದೆ. ಹೋಗುವಾಗ ಅಳತೆಯ ಮೈಕ್ರೋಮೀಟರನ್ನು ಬಟ್ಟೆಯಲ್ಲಿ ಒರೆಸಿ, ಡಬ್ಬಿಗೆ ಹಾಕಿ ನನ್ನ ಮೇಜಿನ ಮೇಲಿಟ್ಟರು. "ಹಳೇ ಕಂಪನೀಲಿ ಮತ್ತೆ ತಗೊಳಲ್ಲ ಸಾರ್" ಅಂದರು. ನನ್ನ ಆತುರಕ್ಕೆ ದಂಡ ಕಟ್ಟಿದವರು ಅವರು.

ಅವರು ಹೋದ ಮೇಲೆ ಅಳತೆ ತಪ್ಪಿದ ಪೀಸು ಹಾಕುವ ರಿಜೆಕ್ಷನ್ ಡಬ್ಬಿ ಹಗುರವಾಯಿತು, ಸಂತೋಷಪಟ್ಟೆ. ಮುಂದಿನ ತಿಂಗಳು ಒಂದು ಲಾಟ್ ಬುಷ್ (ಕೊಳವೆಯಂಥ ಬಿಡಿಭಾಗ) ವಾಪಸ್ ಬಂತು. ಬೋರ್, ಅಂದರೆ ಒಳಗಿನ ತೂತು, 20 ಮೈಕ್ರಾನ್ (0.02 ಮಿ.ಮೀ.) ಜಾಸ್ತಿಯಾದ ಪೀಸುಗಳನ್ನು ಹುಡುಗರು ಕೆಲಸ ಹೋದೀತೆಂದು ಹೆದರಿ ಒಳ್ಳೆಯವುಗಳ ಜೊತೆ ಸೇರಿಸಿದ್ದರು.

ಹಾಗಂತ ಸೋಸುತ್ತಲೇ ಕೂರುವುದೂ ಕಷ್ಟ. ಆಮೇಲೊಮ್ಮೆ ಮೂರು ಸುತ್ತು ಸಂದರ್ಶನ ಇಟ್ಟೆ. ಒಳ್ಳೆಯ ಹುಡುಗನೊಬ್ಬ ಕಾದು ಕಾದು ಬೇರೆ ಕಡೆ ಸೇರಿದ. ಮಷೀನು ಆರು ವಾರ ಸುಮ್ಮನೆ ನಿಂತಿತ್ತು, ಬ್ಯಾಂಕಿನ ಕಂತು ನಿಲ್ಲಲಿಲ್ಲ.

ಈಗ ಐಟಿಐ, ಡಿಪ್ಲೊಮಾ ಮುಗಿಸಿದವರನ್ನು ಅಪ್ರೆಂಟಿಸ್ ಆಗಿ ಬೇಗ ತಗೊಳ್ಳುತ್ತೇನೆ. ಕಾನೂನಿನಂತೆ 4 ಜನರಿರುವ ಘಟಕವೂ ಅಪ್ರೆಂಟಿಸ್ ತಗೊಳ್ಳಬಹುದು, 30 ಆದರೆ ಕಡ್ಡಾಯ. ಅವಧಿ ಎಷ್ಟೆಂದು ಇಬ್ಬರಿಗೂ ಮೊದಲೇ ಗೊತ್ತಿರುತ್ತದೆ. ಇರುವ ಕೆಲಸ ಬಿಟ್ಟು ಬರುವವರನ್ನು ಮಾತ್ರ ರಾಜೀನಾಮೆ ಕೊಡುವ ಮೊದಲೇ ಒಂದು ರಜೆಯ ದಿನ ಕರೆಸಿ, ದಿನದ ಸಂಬಳ ಕೊಟ್ಟು, ಡ್ರಾಯಿಂಗ್ ಕೈಗಿಡುತ್ತೇನೆ: ಟೂಲ್ ಆಫ್‌ಸೆಟ್ (ಟೂಲಿನ ಅಳತೆಯನ್ನು ಮಷೀನಿಗೆ ತಿಳಿಸುವ ಅಂಕಿ) ಹಾಕಿ ಮೊದಲ ಪೀಸ್ ತೆಗೆಯಿರಿ. ಅಳತೆ ತಪ್ಪಲಿ ಪರವಾಗಿಲ್ಲ, ಎರಡನೇ ಪೀಸಿಗೆ ಹೇಗೆ ಸರಿಮಾಡುತ್ತಾರೆ ಅನ್ನುವುದನ್ನು ನೋಡುತ್ತೇನೆ.

ಕಳಿಸಲೇಬೇಕಾದರೆ ಪ್ರೊಬೇಷನ್‌ನಲ್ಲೇ, ಕಾರಣ ಹೇಳಿ, ಉಳಿದವರಿಗೂ ಗೊತ್ತಾಗುವಂತೆ ಕಳಿಸಿ. ಎಳೆದಾಡಬೇಡಿ. ವರ್ಷದಲ್ಲಿ 240 ದಿನ ದುಡಿದ ಕಾರ್ಮಿಕರನ್ನು ಕೆಲಸವಿಲ್ಲವೆಂದು ತೆಗೆದರೆ ಒಂದು ತಿಂಗಳ ನೋಟಿಸು, ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಬೇರೆ ಇದೆ.

ಈ ಅರ್ಜೆಂಟ್ ಆರ್ಡರನ್ನು ಪಕ್ಕದ ಶಾಪಿಗೆ ಜಾಬ್‌ವರ್ಕ್ ಕೊಟ್ಟುಬಿಡಿ. ಲಾಭ ಕಡಿಮೆಯಾದರೂ ಆಗಲಿ, ಇಬ್ಬರನ್ನು ಹುಡುಕಲು ಒಂದು ತಿಂಗಳು ಸಿಗುತ್ತದೆ.