ಗೇಟು ತೆರೆಯದ 43 ಪಾರ್ಕುಗಳು

ಅವರು ಮೊದಲ ಸಲ ಬಂದ ದಿನ ಮಂಗಳೂರಿನಲ್ಲಿ ಜೂನ್ ಮಳೆ ಹುಯ್ಯುತ್ತಿತ್ತು. ಒದ್ದೆ ಕೊಡೆ ಎಲ್ಲಿಡಲಿ ಎಂದು ಕೇಳಿದರು. ಬಾಗಿಲ ಹತ್ತಿರ ಇಡಿ ಎಂದೆ. ಇಟ್ಟು ಬಂದು ಕೂತು ಎರಡು ನಿಮಿಷ ಆಗಿರಲಿಲ್ಲ, ಎದ್ದು ಹೋಗಿ ಕೊಡೆಯನ್ನು ಇನ್ನೊಂದು ಮೂಲೆಗೆ ಒರಗಿಸಿದರು. "ನೀರು ಮ್ಯಾಟಿನ ಹೊರಗೆ ಹೋಗ್ತಾ ಉಂಟು ಮೇಡಂ" ಎಂದರು.

ಇವರನ್ನು ವಾಣಿ ಎಂದು ಕರೆಯೋಣ. ಹೆಸರು, ಮನೆ, ಕೆಲಸದ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು ಮೂವತ್ತು ದಾಟಿದೆ. ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ. ಮನೆಯಲ್ಲಿ ಅಮ್ಮ ಮತ್ತು ಇವರು. ಅಣ್ಣ ಸಂಸಾರ ಸಮೇತ ಬೆಂಗಳೂರಿನಲ್ಲಿದ್ದಾರೆ.

ಬಂದ ಕಾರಣ ಹೇಳಲು ಅವರಿಗೆ ಅರ್ಧ ಗಂಟೆ ಹಿಡಿಯಿತು. ನಿದ್ದೆ ಸರಿ ಇಲ್ಲ ಎಂದರು. ಸುಸ್ತು ಎಂದರು. ಆಮೇಲೆ ತಲೆ ತಗ್ಗಿಸಿ, "ನನಗೆ ಕಂಪ್ಯೂಟರಿನಲ್ಲಿ ಥೀಮ್ ಪಾರ್ಕ್ ಕಟ್ಟುವ ಹವ್ಯಾಸ ಉಂಟು. ಒಂದೂವರೆ ವರ್ಷದಿಂದ ಏನೂ ಆಗ್ತಾ ಇಲ್ಲ. ಇದಕ್ಕೆಲ್ಲ ಕೌನ್ಸೆಲಿಂಗ್ ಎಂತಕ್ಕೆ ಅಂತ ಅಮ್ಮ ಕೇಳ್ತಾರೆ" ಎಂದರು.

ಆಗ ನಾನೊಂದು ತಪ್ಪು ಮಾಡಿದೆ. "ಆಟ ಅಲ್ವಾ, ಸುಮ್ನೆ ಖುಷಿಗೆ ಆಡಬಹುದಲ್ಲ?" ಎಂದುಬಿಟ್ಟೆ. ಮನೆಯವರು ಹೇಳುವ ಮಾತನ್ನೇ ಹೇಳಿಸಿಕೊಳ್ಳಲು ಯಾರೂ ಫೀಸು ಕೊಟ್ಟು ಬರುವುದಿಲ್ಲ. ಅವರು ಬ್ಯಾಗು ಮಡಿಲಿಗೆ ಎಳೆದುಕೊಂಡರು. ನಾನು ಕ್ಷಮೆ ಕೇಳಿ, ಲ್ಯಾಪ್‌ಟಾಪ್ ತರಲು ಹೇಳಿದೆ.

ಎರಡನೇ ಭೇಟಿಯ ಇಡೀ ಗಂಟೆ ನಾನು ವಿದ್ಯಾರ್ಥಿ, ಅವರು ಮೇಷ್ಟ್ರು. ಶಾಲೆಯಲ್ಲಿದ್ದಾಗ ಅಣ್ಣ ಒಂದು ಸಿಡಿ ತಂದಿದ್ದನಂತೆ. ರೋಲರ್‌ಕೋಸ್ಟರ್ ಟೈಕೂನ್, 1999ರ ಆಟ. ಕ್ರಿಸ್ ಸಾಯರ್ ಎಂಬಾತ ಅದರ ಪ್ರೋಗ್ರಾಮನ್ನು ಬಹುಪಾಲು ತಾನೊಬ್ಬನೇ ಬರೆದದ್ದು. ಅದರಲ್ಲಿ ನೆಲವೆಲ್ಲ ಚೌಕ ಚೌಕ. ದಾರಿ, ಅಂಗಡಿ, ಹಳಿ ಎಲ್ಲವೂ ಆ ಚೌಕದ ಲೆಕ್ಕದಲ್ಲೇ ಕೂರಬೇಕು. ರಜೆಯಲ್ಲಿ ವಾಣಿ ಎರಡು ದಿನಕ್ಕೊಂದು ಪಾರ್ಕ್ ಮುಗಿಸುತ್ತಿದ್ದರು. ಈಗ ಇರುವುದು ಪ್ಲ್ಯಾನೆಟ್ ಕೋಸ್ಟರ್, 2016ರದ್ದು. ಇದರಲ್ಲಿ ಒಂದೊಂದು ಹಲಗೆ, ಒಂದೊಂದು ಕಲ್ಲನ್ನೂ ಬೇಕಾದ ಕೋನಕ್ಕೆ ತಿರುಗಿಸಿ ಇಡಬಹುದು. ನನಗನಿಸಿದ ಮಟ್ಟಿಗೆ ಅರ್ಧ ತೊಂದರೆ ಹುಟ್ಟಿದ್ದೇ ಇಲ್ಲಿ. ಚೌಕ ಇದ್ದಾಗ "ಇಷ್ಟೇ ಆಗೋದು" ಎಂದು ಆಟವೇ ಹೇಳುತ್ತಿತ್ತು. ಈಗ ಹಾಗೆ ಹೇಳುವವರಿಲ್ಲ.

ಅವರ ಯೋಜನೆ ಕೇಳಿದರೆ ಹೊಟ್ಟೆಕಿಚ್ಚಾಗಬೇಕು. ಕರಾವಳಿಯದ್ದೇ ಒಂದು ಪಾರ್ಕ್. ಮಧ್ಯದಲ್ಲಿ ಕಂಬಳದ ಜೋಡುಕರೆಯ ಹಾಗೆ ಅಕ್ಕಪಕ್ಕ ರೋಲರ್‌ಕೋಸ್ಟರಿನ ಎರಡು ಹಳಿ, ಎರಡು ರೈಲು, ಪೈಪೋಟಿ. ಕೊನೆಗೆ ಎರಡೂ ನೀರಿಗೆ ನುಗ್ಗುತ್ತವೆ. ಕಂಬಳದ ಕನೆಹಲಗೆ ಓಟದಲ್ಲಿ ನೀರು ಎಷ್ಟೆತ್ತರ ಚಿಮ್ಮಿತು ಎಂದು ನೋಡಲು ಮೇಲೆ ಅಡ್ಡಲಾಗಿ ನಿಶಾನೆಯ ಬಟ್ಟೆ ಕಟ್ಟುತ್ತಾರಲ್ಲ, ಇಲ್ಲಿಯೂ ಹಾಗೇ. ಯಾವ ರೈಲಿನ ನೀರು ನಿಶಾನೆ ಮುಟ್ಟುತ್ತದೋ ಅದು ಗೆದ್ದ ಹಾಗೆ. ಜನ ಸಾಲು ನಿಲ್ಲುವ ಜಾಗ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳ ನಡುವೆ.

ಸಿಕ್ಕಿಬಿದ್ದದ್ದು ಆ ಕಂಬಗಳಲ್ಲಿ. ಆರು ಮೂಲೆಯ ಕಂಬಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಾ ಮೂರು ತಿಂಗಳು. ನಡುವೆ ಕೂದಲೆಳೆಯಷ್ಟು ಸಂದು ಕಂಡರೆ ಇಡೀ ಸಾಲು ಅಳಿಸುವುದು. ಆಮೇಲೆ ಹೊಸ ಫೈಲು. ಹಾಗೆ ಒಟ್ಟು 43 ಫೈಲು ಇದ್ದವು. ರಾತ್ರಿ ಒಂದು ಗಂಟೆವರೆಗೆ ಬೇರೆಯವರು ಕಟ್ಟಿದ ಪಾರ್ಕುಗಳ ವಿಡಿಯೋ ನೋಡುವುದು, ತನ್ನದು ಮುಟ್ಟದೆ ಮಲಗುವುದು.

ನಾನು ಸುಮ್ನೆ ಕೇಳಿದೆ, "ಈ ಪಾರ್ಕುಗಳಿಗೆ ಜನ ಎಷ್ಟು ಬರ್ತಾರೆ?"

ಅವರು ಸ್ವಲ್ಪ ಹೊತ್ತು ಪರದೆ ನೋಡಿದರು. ಆಟದಲ್ಲಿ ಪಾರ್ಕಿನ ಗೇಟು ತೆರೆದರೆ ಮಾತ್ರ ಜನ ಬರುತ್ತಾರೆ. 43ರಲ್ಲಿ ಒಂದನ್ನೂ ತೆರೆದಿರಲಿಲ್ಲ.

ಮುಂದಿನ ಮಾತೆಲ್ಲ ಆ ಗೇಟಿನ ಸುತ್ತವೇ. ಅವರಲ್ಲಿ ಕಲ್ಪನೆಗೆ ಬರ ಇರಲಿಲ್ಲ. ಕಲ್ಪನೆ ಬಾಗಿಲಿಗೆ ಬರುವ ಮೊದಲೇ ತಪಾಸಣೆಯವನು ಕುರ್ಚಿ ಹಾಕಿ ಕೂತಿರುತ್ತಿದ್ದ. ಅಚ್ಚುಕಟ್ಟಾಗಿ ಕೆಲಸ ಮಾಡಬೇಕು ಎಂಬುದು ಕಾಯಿಲೆ ಅಲ್ಲ. ಅದು ಇಲ್ಲದಿದ್ದರೆ ಜೋಡುಕರೆ ಕೋಸ್ಟರ್ ಹೊಳೆಯುತ್ತಲೇ ಇರಲಿಲ್ಲ. ತೊಂದರೆ ಶುರುವಾಗುವುದು ಕೆಲಸದ ಅಂಕವೇ ತನ್ನ ಅಂಕ ಎಂದಾದಾಗ. ರೋಜ್ ಶಫ್ರಾನ್, ಕೂಪರ್, ಫೇರ್‌ಬರ್ನ್ ಎಂಬ ಮೂವರು ಸಂಶೋಧಕರು 2002ರಲ್ಲಿ ಇದನ್ನೇ ವಿವರಿಸಿದರು: ನಷ್ಟ ಕಣ್ಣೆದುರು ಇದ್ದರೂ ಮನುಷ್ಯ ತನ್ನ ಬೆಲೆಯನ್ನು ತಾನು ಹಾಕಿಕೊಂಡ ಕಠಿಣ ಅಳತೆಗೇ ಕಟ್ಟಿಕೊಂಡಿರುತ್ತಾನೆ. ಮುಟ್ಟದೆ ಬಿಟ್ಟರೆ ಆ ಹೊತ್ತಿಗೆ ಹಾಯೆನಿಸುತ್ತದೆ. ಆ ಹಾಯಿಗೋಸ್ಕರ ನಾಳೆಯೂ ಬಿಡುತ್ತೇವೆ.

ಖಿನ್ನತೆ ಇದೆಯಾ ಎಂದು ಪ್ರತ್ಯೇಕವಾಗಿ ನೋಡಿದೆ. ಆಫೀಸು, ಊಟ, ಗೆಳತಿಯರು ಎಲ್ಲ ಮಾಮೂಲಿ ಇತ್ತು. ಸಾಯುವ ಯೋಚನೆ ಇರಲಿಲ್ಲ. ಹಾಗಾಗಿ ಮನೋವೈದ್ಯರ ಹತ್ತಿರ ಕಳಿಸಲಿಲ್ಲ. ಎರಡು ವಾರದಿಂದ ಯಾವುದರಲ್ಲೂ ಮನಸ್ಸಿಲ್ಲ, ಊಟ ನಿದ್ದೆ ಕೆಟ್ಟಿದೆ ಎನ್ನುವವರು ಹವ್ಯಾಸದ ಉಪಾಯ ಹುಡುಕುತ್ತಾ ಕೂರಬಾರದು. ವೈದ್ಯರನ್ನು ನೋಡಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ನನ್ನ ಮೊದಲ ಸಲಹೆ ನೆಲಕಚ್ಚಿತು. "ಇಪ್ಪತ್ತು ನಿಮಿಷದಲ್ಲಿ ಬೇಕಂತಲೇ ಒಂದು ಕೆಟ್ಟ ಪಾರ್ಕ್ ಕಟ್ಟಿ" ಎಂದಿದ್ದೆ. ಎಷ್ಟೋ ಜನರಿಗೆ ಇದು ಕೆಲಸ ಮಾಡುತ್ತದೆ. ವಾಣಿ ಎರಡು ವಾರ ಬಿಟ್ಟು ಬರಿಗೈಯಲ್ಲಿ ಬಂದರು. ಯಾವ ಬಣ್ಣದ ಜೊತೆ ಯಾವ ಬಣ್ಣ ಅತಿ ಕೆಟ್ಟದಾಗಿ ಕಾಣುತ್ತದೆ ಎಂದು ಎಕ್ಸೆಲ್ ಶೀಟ್ ಮಾಡಿದ್ದರು. ಶೀಟ್ ಇನ್ನೂ ಪೂರ್ತಿ ಆಗಿಲ್ಲ ಎಂದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ನಗು ಸಲಹೆಗಿಂತ ಜಾಸ್ತಿ ಕೆಲಸ ಮಾಡಿತು ಎಂದೇ ನನ್ನ ಲೆಕ್ಕ.

ಎರಡನೆಯದು ಒಂದು ಉದಾಹರಣೆ. ಡಿಸ್ನಿಲ್ಯಾಂಡ್ ಬಾಗಿಲು ತೆರೆದದ್ದು 1955ರ ಜುಲೈ 17ರಂದು, ಕಟ್ಟಲು ಶುರುಮಾಡಿ ಒಂದು ವರ್ಷಕ್ಕೆ. ಹೊಸ ಡಾಂಬರು ಬಿಸಿಲಿಗೆ ಮೆತ್ತಗಾಗಿ ಹೆಂಗಸರ ಚಪ್ಪಲಿಯ ಹಿಮ್ಮಡಿ ಹೂತುಹೋಯಿತು. ಪ್ಲಂಬರ್‌ಗಳ ಮುಷ್ಕರದಿಂದ ಕೆಲಸ ಹಿಂದೆ ಬಿದ್ದಿತ್ತು. ಕುಡಿಯುವ ನೀರಿನ ನಲ್ಲಿ, ಟಾಯ್ಲೆಟ್ ಎರಡರಲ್ಲಿ ಒಂದು ಮಾತ್ರ ಮುಗಿಯುತ್ತದೆ ಎಂದಾಗ ವಾಲ್ಟ್ ಡಿಸ್ನಿ ಟಾಯ್ಲೆಟ್ ಆರಿಸಿಕೊಂಡರು. ಇದನ್ನೆಲ್ಲ ನಾನು ಉತ್ಸಾಹದಿಂದ ಹೇಳಿದೆ. ವಾಣಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. "ಅದು ಡಿಸ್ನಿ ಮೇಡಂ" ಎಂದಷ್ಟೇ ಹೇಳಿದರು.

ಜುಲೈ ಪೂರ್ತಿ ಅವರು ಬರಲಿಲ್ಲ. 31ಕ್ಕೆ ಆದಾಯ ತೆರಿಗೆ ರಿಟರ್ನ್ ಗಡುವು. ಆಗಸ್ಟಿನಲ್ಲಿ ಬಂದಾಗ ಆಫೀಸಿನ ಮಾತು ತೆಗೆದೆ. ವೋಚರ್ ಬರೆಯುವವರು ಯಾರು, ತಪಾಸಣೆ ಮಾಡುವವರು ಯಾರು? ಬೇರೆ ಬೇರೆ. ವೋಚರ್ ಬರೆಯುವ ಹುಡುಗನ ಪಕ್ಕದಲ್ಲೇ ಆಡಿಟರ್ ಕೂತು, ಪ್ರತಿ ಅಂಕಿಗೂ ಕೆಂಪು ಶಾಯಿ ಹಾಕಿದರೆ? "ಅವನು ಎರಡು ದಿನದಲ್ಲಿ ಕೆಲಸ ಬಿಡ್ತಾನೆ" ಎಂದರು. ಹೇಳಿ ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ ಅಣ್ಣನ ವಿಷಯ ಬಂತು. ಚಿಕ್ಕಂದಿನಲ್ಲಿ ಅವನು ಕುರ್ಚಿಯ ಹಿಂದೆ ನಿಂತು "ಅಲ್ಲಿ ಬೇಲಿ ಸೊಟ್ಟ ಉಂಟು ನೋಡು" ಎನ್ನುತ್ತಿದ್ದನಂತೆ. ಕೆಟ್ಟ ಮನಸ್ಸಿನಿಂದಲ್ಲ. ಆಟ ಕಲಿಸಿದವನೇ ಅವನು. ಆದರೆ ಬೇಲಿ ಸರಿ ಇದ್ದ ದಿನ ಅವನು ಏನೂ ಹೇಳುತ್ತಿರಲಿಲ್ಲ.

ಅಂದು ನಾನು ಕೊಟ್ಟ ಸಲಹೆ ಹೀಗಿತ್ತು. ತಪ್ಪು ಹಿಡಿಯುವ ಕಣ್ಣನ್ನು ಮುಚ್ಚುವುದು ಬೇಡ, ಅದರಿಂದಲೇ ಅವರಿಗೆ ಸಂಬಳ. ಅದಕ್ಕೊಂದು ದಿನ ಗೊತ್ತುಮಾಡುವುದು. ವಾರದ ದಿನ ರಾತ್ರಿ ನಲವತ್ತು ನಿಮಿಷ ಕಟ್ಟುವುದು ಮಾತ್ರ, ಅಳಿಸುವ ಹಾಗಿಲ್ಲ. ಕಂಡ ತಪ್ಪನ್ನು ಪುಸ್ತಕದಲ್ಲಿ ಒಂದು ಗೆರೆ ಬರೆದಿಡುವುದು. ತಪಾಸಣೆ ಭಾನುವಾರ ಬೆಳಿಗ್ಗೆ ಒಂದು ಗಂಟೆ. ಮಲಗುವ ಮೊದಲು ಬೇರೆಯವರ ಪಾರ್ಕ್ ನೋಡುವುದು ಬೇಡ. ನೋಡಬೇಕಿದ್ದರೆ ತನ್ನದು ಕಟ್ಟಿದ ಮೇಲೆ. ಇನ್ನೊಂದು ಷರತ್ತೂ ಇತ್ತು: ಪಾರ್ಕಿಗೆ ಬಂದವನ ಕಣ್ಣಿಗೆ ಕಾಣುವಷ್ಟೇ ಹತ್ತಿರ ಹೋಗಬೇಕು. ಅದಕ್ಕಿಂತ ಝೂಮ್ ಮಾಡುವ ಹಾಗಿಲ್ಲ. ಆಟದಲ್ಲಿ ರೈಲಿನೊಳಗೆ ಕೂತು ನೋಡುವ ಕ್ಯಾಮೆರಾ ಇದೆ. ಅದರಲ್ಲಿ ಕೂತು ನೋಡಿದಾಗ, ಅವರು ಒಂಬತ್ತು ರಾತ್ರಿ ತಿದ್ದಿದ್ದ ಗೋಡೆ ಎರಡು ಸೆಕೆಂಡಿನಲ್ಲಿ ಹಿಂದೆ ಹೋಯಿತು. ಅವರಿಗೆ ಅಂದು ನಗು ಬರಲಿಲ್ಲ. ಬೇಜಾರೇ ಆಯಿತು. ಒಂಬತ್ತು ರಾತ್ರಿ ಅಂದರೆ ಕಡಿಮೆಯಾ?

ಡಿಸ್ನಿಯ ಮಾತು ತಾನಾಗಿ ವಾಪಸ್ ಬಂದದ್ದು ಸೆಪ್ಟೆಂಬರಿನಲ್ಲಿ. ವಾಣಿಯೇ ತಂದರು. ಪುಸ್ತಕದ ಪುಟವನ್ನು ಮಧ್ಯದಲ್ಲಿ ಗೆರೆ ಎಳೆದು ಎರಡು ಮಾಡಿದ್ದರು. ಒಂದು ಕಡೆ 'ಟಾಯ್ಲೆಟ್', ಇನ್ನೊಂದು ಕಡೆ 'ನಲ್ಲಿ'. ಇಲ್ಲದಿದ್ದರೆ ಪಾರ್ಕೇ ನಡೆಯುವುದಿಲ್ಲ ಎನ್ನುವಂಥದ್ದು ಟಾಯ್ಲೆಟ್: ರೈಲು ನಿಲ್ಲದೆ ಓಡಬೇಕು, ನೀರು ನಿಶಾನೆಯ ಹತ್ತಿರ ಚಿಮ್ಮಬೇಕು, ದಾರಿ ಕೂಡಬೇಕು. ಅಷ್ಟೇ ಮೂರು. ಉಳಿದದ್ದೆಲ್ಲ ನಲ್ಲಿ, ಇವತ್ತಿಗೆ ನೀರು ಬರದಿದ್ದರೂ ಪರವಾಗಿಲ್ಲ. ಕಂಬಗಳು ಯಾವ ಕಡೆ ಎಂದು ಕೇಳಿದೆ. ಎರಡು ಕಡೆಯೂ ಬರೆದು ಎರಡು ಕಡೆಯೂ ಹೊಡೆದುಹಾಕಿದ್ದರು.

ಕಂಬದ ವಿಷಯಕ್ಕೆ ಒಂದೇ ಮಾತು ಹೇಳಿದೆ: ಹೋಗಿ ನೋಡಿ ಬನ್ನಿ. ಮಳೆಗಾಲದಲ್ಲಿ ಮಲ್ಪೆಯಿಂದ ದ್ವೀಪಕ್ಕೆ ದೋಣಿ ಇಲ್ಲ. ಸೆಪ್ಟೆಂಬರ್ ಕೊನೆಗೆ ಟ್ಯಾಕ್ಸ್ ಆಡಿಟ್ ಬೇರೆ. ಅಕ್ಟೋಬರಿನಲ್ಲಿ ದೋಣಿ ಶುರುವಾದ ಮೇಲೆ ಹೋಗಿಬಂದರು. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ ಲಾವಾ ತಣ್ಣಗಾಗುತ್ತಾ ಬಿರುಕುಬಿಟ್ಟು ಆದ ಕಂಬಗಳು ಅವು. ವಾಣಿ ಬಿಸಿಲಿನಲ್ಲಿ ನಿಂತು ಎಣಿಸಿದರಂತೆ. ಆರು ಮೂಲೆಯವು ಬೇಕಾದಷ್ಟಿದ್ದವು. ಐದರವೂ ಇದ್ದವು, ಏಳರವೂ ಇದ್ದವು. ಕೆಲವು ವಾಲಿದ್ದವು, ಕೆಲವು ತುಂಡಾಗಿದ್ದವು, ಸಂದಿನಲ್ಲಿ ಮರಳು. "ನಾನು ದ್ವೀಪಕ್ಕಿಂತ ಚೆನ್ನಾಗಿ ಮಾಡ್ಲಿಕ್ಕೆ ಹೋಗಿದ್ದೆ" ಎಂದರು. ಅಲ್ಲಿ ತೆಗೆದ ಫೋಟೋ ಒಂದೇ ಒಂದು, ಅದೂ ಅಲುಗಾಡಿತ್ತು. ಇನ್ನೊಂದು ತೆಗೆಯಲಿಲ್ಲವಂತೆ.

ದಸರಾ ರಜೆಗೆ ಅಣ್ಣನ ಮಗ ಬಂದಿದ್ದ, ಒಂಬತ್ತು ವರ್ಷ. ಅವನೆದುರು ಗೇಟು ತೆರೆಯುವುದೆಂದು ಮೊದಲೇ ಮಾತಾಗಿತ್ತು. ತೆರೆಯುವ ಮುಂಚೆ ಏನಾಗಬಹುದು ಎಂದು ಬರೆದಿಡಿ, ಆದ ಮೇಲೆ ಏನಾಯಿತು ಎಂದು ಬರೆಯಿರಿ ಎಂದಿದ್ದೆ. ಇದು ನಮ್ಮ ಕೆಲಸದಲ್ಲಿ ಹಳೆಯ ಉಪಾಯ. ಹೆದರಿಕೆಯನ್ನು ವಾದದಿಂದ ಗೆಲ್ಲುವುದು ಕಷ್ಟ, ಬರೆದಿಟ್ಟು ನಡೆದದ್ದರ ಜೊತೆ ಹೋಲಿಸುವುದು ಸುಲಭ. ವಾಣಿ ಬರೆದಿದ್ದದ್ದು: 'ಸಾಲಿನ ಹತ್ತಿರ ಅರ್ಧ ಖಾಲಿ ಇರುವುದು ಅವನಿಗೆ ಒಂದೇ ನಿಮಿಷದಲ್ಲಿ ಕಾಣುತ್ತದೆ. ನಗುತ್ತಾನೆ. ಅಪ್ಪನಿಗೆ ಫೋನ್ ಮಾಡಿ ಹೇಳುತ್ತಾನೆ.' ಎಷ್ಟು ಖಾತ್ರಿ? ನೂರಕ್ಕೆ ಎಂಬತ್ತು.

ಆದದ್ದು ಬೇರೆ. ಹುಡುಗ ಹನ್ನೊಂದು ಸಲ ರೈಲಿನ ಕ್ಯಾಮೆರಾದಲ್ಲಿ ಕೂತ. ಕಂಬಗಳ ಮಾತೇ ಎತ್ತಲಿಲ್ಲ. ಆದರೆ ತಕರಾರು ಇತ್ತು. "ಅತ್ತೆ, ಕೋಣಗಳಿಗೆ ಹೆಸರೇ ಇಲ್ವಲ್ಲ?" ಕಂಬಳದ ಕೋಣಗಳಿಗೆ ಹೆಸರಿರುತ್ತದೆ ಎಂದು ಅವನಿಗೆ ಅಜ್ಜಿ ಹೇಳಿದ್ದರು. ಎರಡು ರೈಲಿಗೂ ಅವನೇ ಹೆಸರಿಟ್ಟ. ಒಂದು ಹೆಸರಂತೂ ವಾಣಿಗೆ ಸ್ವಲ್ಪವೂ ಇಷ್ಟವಿಲ್ಲ. ಬದಲಿಸಿಲ್ಲ.

ಎಲ್ಲ ಸರಿಹೋಯಿತು ಎಂದಲ್ಲ. ನವೆಂಬರಿನಲ್ಲಿ ಒಂದು ರಾತ್ರಿ ಎರಡು ಗಂಟೆವರೆಗೆ ಕೂತು ಒಂದು ಅಂಗಡಿಯ ಮಾಡನ್ನು ಆರು ಸಲ ತೆಗೆದು ಹಾಕಿದ್ದರು. ಮರುದಿನ ನನಗೆ ಹೇಳಲು ನಾಚಿಕೆಯಾಗಿತ್ತು. ಇಂಥ ದಿನಗಳು ಬರುತ್ತವೆ ಎಂದು ನಾನು ಮೊದಲೇ ಹೇಳಿಡಬೇಕಿತ್ತು. ಆ ವಾರ ಹಳೆಯ ಚೌಕದ ಆಟಕ್ಕೆ ವಾಪಸ್ ಹೋಗಿ ಅಂದೆ. ಎರಡೇ ಸಂಜೆಗೆ ಒಂದು ಪಾರ್ಕ್ ಮುಗಿಸಿ ಗೇಟು ತೆರೆದರು. ಈಗ ಸಿಕ್ಕಿಹಾಕಿಕೊಂಡಾಗೆಲ್ಲ ಹಾಗೆ ಮಾಡುತ್ತಾರಂತೆ.

ನಾವು ಏಳು ಸಲ ಭೇಟಿಯಾದೆವು. ಕೊನೆಯ ದಿನ, ಅಣ್ಣನಿಗೆ ತೋರಿಸಿದಿರಾ ಎಂದು ಕೇಳಿದೆ. ಇಲ್ಲ ಎಂದರು. "ಅವನು ಮೊದಲು ಬೇಲಿಯನ್ನೇ ನೋಡೋದು ಮೇಡಂ." ಅದರ ಬಗ್ಗೆ ಮಾತಾಡೋಣವಾ ಎಂದೆ. ಮಾರ್ಚ್ ಕಳೆಯಲಿ ಎಂದರು. ಮಳೆ ಇರಲಿಲ್ಲ, ಆದರೂ ಕೊಡೆ ತಂದಿದ್ದರು. ಅದನ್ನು ಬಾಗಿಲ ಹತ್ತಿರವೇ ಮರೆತು ಹೋದರು. ಈಗಲೂ ಇಲ್ಲೇ ಇದೆ.