ಕಲ್ಲಿನ ಹೆಸರಿನ ಹಗುರ ಲೋಹ

ಪ್ರಶ್ನೆ: ನೀರಿನ ಮೇಲೆ ತೇಲುವ ಲಿಥಿಯಂಗೆ ಕಲ್ಲಿನ ಹೆಸರು ಏಕೆ? ಬ್ಯಾಟರಿ ಬಿಟ್ಟು ಅದರ ಉಪಯೋಗವೇನು? ಹಳೆಯ ಮೊಬೈಲ್ ಬ್ಯಾಟರಿ ಬಿಚ್ಚಿದರೆ ಈ ಲೋಹ ಸಿಗುತ್ತದೆಯೇ?

ಉತ್ತರ: ಮೊದಲು ಕೊನೆಯ ಪ್ರಶ್ನೆಗೆ ಬರುತ್ತೇನೆ, ಯಾಕೆಂದರೆ ಅದನ್ನು ಓದಿ ನನಗೆ ಗಾಬರಿಯಾಯಿತು. ದಯವಿಟ್ಟು ಬ್ಯಾಟರಿ ಬಿಚ್ಚಬೇಡಿ. ಅದರೊಳಗೆ ಲೋಹದ ಗಟ್ಟಿ ಇರುವುದಿಲ್ಲ. ಅಲ್ಲಿರುವುದು ಗ್ರಾಫೈಟ್ ಮತ್ತು ಲೋಹದ ಆಕ್ಸೈಡ್ ಪದರಗಳ ನಡುವೆ ಓಡಾಡುವ ಲಿಥಿಯಂ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳು. ಅವು ಓಡಾಡುವ ದ್ರಾವಣಕ್ಕೆ ಬೇಗ ಬೆಂಕಿ ಹತ್ತಿಕೊಳ್ಳುತ್ತದೆ.

ಶುದ್ಧ ಲೋಹವನ್ನು ನಾನು ಪ್ರಯೋಗಾಲಯದಲ್ಲಿ ಕಂಡಿದ್ದೇನೆ. ಸೀಮೆಎಣ್ಣೆಯಲ್ಲಿ ಸೋಡಿಯಂ ತಳ ಸೇರಿದರೆ ಲಿಥಿಯಂ ಮೇಲಕ್ಕೆ ಬಂದು ನಿಲ್ಲುತ್ತದೆ. ಚಾಕುವಿನಿಂದ ಕೊಯ್ದರೆ ಬೆಳ್ಳಿಯ ಹೊಳಪು, ನೋಡನೋಡುತ್ತಿದ್ದಂತೆ ಕಪ್ಪಿಡುತ್ತದೆ. ಗಾಳಿಯ ತೇವದ ಜೊತೆಗಷ್ಟೇ ಅಲ್ಲ, ನೈಟ್ರೋಜನ್ ಜೊತೆಗೂ ಕೂಡಿಬಿಡುತ್ತದೆ. ಹಾಗಾಗಿ ನಿಸರ್ಗದಲ್ಲಿ ಬಿಡಿ ಲೋಹವಾಗಿ ಸಿಗುವುದೇ ಇಲ್ಲ.

ಇನ್ನು ಹೆಸರು. 1817ರಲ್ಲಿ ಸ್ವೀಡನ್ನಿನ ಆರ್ಫ್‌ವೆಡ್ಸನ್ ಪೆಟಲೈಟ್ ಎಂಬ ಖನಿಜದಲ್ಲಿ ಸೋಡಿಯಂ, ಪೊಟ್ಯಾಸಿಯಂ ಎರಡನ್ನೂ ಹೋಲದ ಕ್ಷಾರವೊಂದನ್ನು ಕಂಡರು. ಪೊಟ್ಯಾಸಿಯಂ ಲವಣಗಳು ಗಿಡಮರದ ಬೂದಿಯಿಂದ ಸಿಗುತ್ತಿದ್ದವು, ಇದು ಸಿಕ್ಕಿದ್ದು ಕಲ್ಲಿನಿಂದ. ಗ್ರೀಕಿನಲ್ಲಿ ಕಲ್ಲಿಗೆ ‘ಲಿಥೋಸ್’ ಎನ್ನುತ್ತಾರೆ. ಇವತ್ತಿಗೂ ಆಸ್ಟ್ರೇಲಿಯಾದ ಗ್ರೀನ್‌ಬುಷಸ್ ಗಣಿಯಲ್ಲಿ ತೆಗೆಯುವುದು ಸ್ಪೊಡುಮಿನ್ ಎಂಬ ಕಲ್ಲನ್ನೇ. ಅದು ಬಲು ಹಟಮಾರಿ. ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿಸಿ ಸುಟ್ಟಾಗ ಹರಳು ಉಬ್ಬಿ ಸಡಿಲವಾಗುತ್ತದೆ, ಆಮೇಲೆಯೇ ಗಂಧಕಾಮ್ಲಕ್ಕೆ ಲಿಥಿಯಂ ಬಿಟ್ಟುಕೊಡುತ್ತದೆ. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ದಾರಿ ಬೇರೆ: ಲಿಥಿಯಂ ಬೆರೆತ ನೆಲದಡಿಯ ಉಪ್ಪುನೀರನ್ನು ಕೊಳಗಳಿಗೆ ಹಾಯಿಸಿ ತಿಂಗಳುಗಟ್ಟಲೆ ಬಿಸಿಲಿಗೆ ಬಿಡುತ್ತಾರೆ.

ಉಪಯೋಗ ಬೇಕಾದಷ್ಟಿದೆ. ಬೇರಿಂಗುಗಳ ಗ್ರೀಸ್, ಬಿಸಿಗೆ ಬಿರಿಯದ ಗಾಜು-ಪಿಂಗಾಣಿ, ವೈದ್ಯರ ನಿಗಾದಲ್ಲೇ ಕೊಡಬೇಕಾದ ಮನೋರೋಗದ ಔಷಧಿ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಮಾತ್ರ ಲಿಥಿಯಂ ಹೈಡ್ರಾಕ್ಸೈಡ್. ನಾವು ಬಿಡುವ ಇಂಗಾಲದ ಡೈಆಕ್ಸೈಡನ್ನು ಅದು ಹೀರಿಕೊಳ್ಳುತ್ತದೆ. ತೂಕದಲ್ಲಿ ಹಗುರವಾದ್ದರಿಂದ ಬಾಹ್ಯಾಕಾಶ ನೌಕೆಗೆ ಹೇಳಿಮಾಡಿಸಿದಂತಿದೆ. 1970ರಲ್ಲಿ ಚಂದ್ರನತ್ತ ಹೊರಟಿದ್ದ ಅಪೊಲೊ 13ರ ಮುಖ್ಯ ನೌಕೆ ಕೆಟ್ಟು ಮೂವರು ಯಾನಿಗಳು ಚಂದ್ರನೌಕೆಯಲ್ಲಿ ಆಶ್ರಯ ಪಡೆದಾಗ ಅಲ್ಲಿದ್ದ, ಲಿಥಿಯಂ ಹೈಡ್ರಾಕ್ಸೈಡ್ ತುಂಬಿದ ದುಂಡನೆಯ ಡಬ್ಬಿಗಳು ಸಾಲದಾದವು. ಮುಖ್ಯ ನೌಕೆಯ ಡಬ್ಬಿಗಳೋ ಚೌಕಾಕಾರದವು. ಪ್ಲಾಸ್ಟಿಕ್ ಚೀಲ, ರಟ್ಟು, ಅಂಟುಪಟ್ಟಿ, ಕೊಳವೆ ಸೇರಿಸಿ ಅವನ್ನು ಕೂರಿಸಿದರು. ಏರಿದ್ದ ವಿಷಗಾಳಿ ಇಳಿಯಿತು, ಮೂವರೂ ಭೂಮಿಗೆ ಮರಳಿದರು.